ಹಿಂದಿನ ಬೆಂಚಿನಲ್ಲಿ ಕೂತು ಕೇಳಿ

ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯ ತೋಟದ ಮನೆಯಲ್ಲಿ ಹೊಸ ಒಡಂಬಡಿಕೆ ಓದುತ್ತೀರಿ ಎಂದುಕೊಳ್ಳಿ. ಯೇಸುವಿನ ಪರ್ವತ ಪ್ರಸಂಗ ಮನಸ್ಸಿಗೆ ಹಿಡಿಸುತ್ತದೆ. ನರಕದ ಬೆದರಿಕೆ, ಮನೆದೇವರನ್ನು ಹಳಿಯುವ ಮಾತು ಹಿಡಿಸುವುದಿಲ್ಲ. ಆದರೂ ಒಂದು ಕ್ರೈಸ್ತ ಸಭೆ ಬೇಕೆನಿಸಿದರೆ ಆ ಆಸೆಯನ್ನು ಅದುಮಬೇಡಿ.

ತಿಪಟೂರಿನಲ್ಲಿ ರೈಲು ಹತ್ತಿದರೆ ಗುಬ್ಬಿ, ತುಮಕೂರಿನ ಚರ್ಚುಗಳಿಗೆ ಹೋಗಬಹುದು. ಗುಬ್ಬಿಗೆ ವೆಸ್ಲಿಯನ್ ಮಿಷನ್ 1830ರ ದಶಕದಲ್ಲೇ ಬಂದಿತ್ತು; ಆ ಪರಂಪರೆ 1947ರಲ್ಲಿ ಸಿ.ಎಸ್.ಐ. (ದಕ್ಷಿಣ ಭಾರತ) ಸಭೆಯೊಳಗೆ ಸೇರಿತು. ಅಲ್ಲಿ ಆರಾಧನೆಗೆ ಅಚ್ಚಾದ ಕ್ರಮವಿದೆ, ಹೊಸಬರು ಪುಸ್ತಕ ನೋಡಿಕೊಂಡೇ ಸಾಗಬಹುದು. ಕ್ಯಾಥೊಲಿಕ್ ಬಲಿಪೂಜೆಯಲ್ಲಿ ಪರಮಪ್ರಸಾದ ಆ ಸಭೆಯವರಿಗೆ. ನೀವು ಸುಮ್ಮನೆ ಕೂತಿದ್ದರೆ ತಪ್ಪೇನಿಲ್ಲ. ಪೆಂತೆಕೋಸ್ತ್ ಕೂಟಗಳಲ್ಲಿ ಪ್ರಾರ್ಥನೆ ಗಟ್ಟಿದನಿಯದು.

ಕೆಲವು ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಗಮನಿಸಿ. ನೆರೆಯವರ ದೇವರ ಬಗ್ಗೆ ಹೇಗೆ ಮಾತಾಡುತ್ತಾರೆ? ಆರಾಧನೆ ಮುಗಿದ ಮೇಲೆ ಬಡವರನ್ನು, ದಲಿತರನ್ನು ಯಾರು ಮಾತಾಡಿಸುತ್ತಾರೆ? ನನಗೆ ಬೋಧನೆಗಿಂತ ಇದೇ ಮುಖ್ಯ. ದೀಕ್ಷಾಸ್ನಾನಕ್ಕೆ ಅವಸರಪಡಿಸಿದರೆ, ಕಾಣಿಕೆಗೆ ಒತ್ತಾಯಿಸಿದರೆ ಎದ್ದು ಬನ್ನಿ. ಅನುಮಾನಗಳನ್ನು ಪಾದ್ರಿಯವರ ಮುಂದೆ ಬಿಚ್ಚಿ ಹೇಳಿ. ತಾಳ್ಮೆಯಿಂದ ಕೇಳುವವರಿದ್ದಲ್ಲಿಗೆ ಮತ್ತೆ ಹೋಗಿ. ಮನೆಯವರಿಗೂ ಮೊದಲೇ ತಿಳಿಸಿ, ಗುಟ್ಟು ಬೇಡ.