ಸುವಾರ್ತೆ ಕೇಳದೆ ಹೋದವರ ಗತಿ ಏನು?

ಇವತ್ತಿನ ಅಧ್ಯಯನಕ್ಕೆ ರೋಮಾಪುರದವರಿಗೆ ಬರೆದ ಪತ್ರಿಕೆ 2ನೇ ಅಧ್ಯಾಯ, 12ರಿಂದ 16ನೇ ವಚನ ತೆಗೆದುಕೊಳ್ಳಿ. ಅಪೊಸ್ತಲರ ಕೃತ್ಯಗಳು 10ನೇ ಅಧ್ಯಾಯದಲ್ಲೂ ಒಂದು ಚೀಟಿ ಇಟ್ಟುಕೊಂಡಿರಿ.

ನಮ್ಮ ಸಭೆಯಲ್ಲಿ ಬಹಳ ಜನ ಅವರವರ ಮನೆಯಲ್ಲಿ ಮೊದಲು ನಂಬಿದವರು. ಆದ್ದರಿಂದ ಈ ಪ್ರಶ್ನೆ ಬಂದೇ ಬರುತ್ತೆ. "ಪಾಸ್ಟರ್, ನಮ್ಮಜ್ಜಿ ಯೇಸುವಿನ ಹೆಸರೇ ಕೇಳದೆ ತೀರಿಕೊಂಡ್ರು. ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಈಗ ಎಲ್ಲಿದ್ದಾರೆ?" ಕೇಳುವವರು ವಾದಕ್ಕೆ ಕೇಳೋದಿಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು ಕೇಳ್ತಾರೆ.

ಇದು ಹೊಸ ಪ್ರಶ್ನೆಯಲ್ಲ. ಫ್ರಾನ್ಸಿಸ್ ಕ್ಸೇವಿಯರ್ 1549ರಲ್ಲಿ ಜಪಾನಿಗೆ ಹೋದರು. (ಅವರು ರೋಮನ್ ಕ್ಯಾಥೋಲಿಕರು, ಉಪದೇಶದಲ್ಲಿ ನಮಗೂ ಅವರಿಗೂ ವ್ಯತ್ಯಾಸ ಇದೆ. ಆದರೂ ಇದನ್ನು ತಿಳಿದಿರಬೇಕು.) ಅಲ್ಲಿ ನಂಬಿದವರು ಸತ್ತುಹೋದ ತಂದೆತಾಯಿಗಳನ್ನು, ಮಕ್ಕಳನ್ನು ನೆನೆದು, ಅವರಿಗೋಸ್ಕರ ಈಗ ಏನಾದರೂ ಮಾಡಬಹುದಾ ಎಂದು ಕೇಳಿದರು. ಏನೂ ಮಾಡಲಾಗದು ಎಂದು ಅವರು ಉತ್ತರ ಕೊಟ್ಟರು. ಜನ ಅತ್ತರು. ಅದನ್ನು ನೋಡಿ ತನಗೂ ಅಳು ತಡೆಯೋದು ಕಷ್ಟವಾಗುತ್ತಿತ್ತು ಎಂದು 1552ರ ಪತ್ರದಲ್ಲಿ ಅವರೇ ಬರೆದಿದ್ದಾರೆ. ಅದೇ ಜನ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದರು: ದೇವರು ಒಳ್ಳೆಯವನಾದರೆ ಇಷ್ಟು ಕಾಲ ನಮಗ್ಯಾಕೆ ತಿಳಿಸಲಿಲ್ಲ? ಅದಕ್ಕೆ ಕ್ಸೇವಿಯರ್, ಯಾರ ಕೈಯಲ್ಲೂ ಕಲಿಯದೆ ಬೆಟ್ಟದಲ್ಲಿ ಬೆಳೆದವನನ್ನು ಕೇಳಿದರೂ ಕೊಲೆ, ಕಳ್ಳತನ ತಪ್ಪು ಅಂತಾನೆ, ಅದನ್ನು ಅವನಿಗೆ ಕಲಿಸಿದವನು ದೇವರೇ ಎಂದರು.

ಈ ಎರಡನೇ ಉತ್ತರ ನಮ್ಮ ವಾಕ್ಯಭಾಗದ್ದೇ. ಧರ್ಮಶಾಸ್ತ್ರ ಇಲ್ಲದವರಿಗೆ ಹೃದಯದಲ್ಲಿ ಬರೆದದ್ದಿದೆ, ಮನಸ್ಸಾಕ್ಷಿ ಸಾಕ್ಷಿ ಹೇಳುತ್ತೆ ಅಂತಾನೆ ಪೌಲ. ಹಾಗಾದರೆ ಅಜ್ಜಿಗೆ ತೀರ್ಪಾಗೋದು ಕೇಳದೇ ಇದ್ದದ್ದಕ್ಕಲ್ಲ, ತಿಳಿದಿದ್ದರ ಪ್ರಕಾರ. ಲೂಕ 12ರ 47, 48ರಲ್ಲಿ ಕರ್ತನೂ ಇದನ್ನೇ ಹೇಳಿದ್ದಾನೆ: ಯಜಮಾನನ ಮನಸ್ಸು ತಿಳಿಯದ ಆಳಿಗೆ ಪೆಟ್ಟು ಕಡಿಮೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಾನು ನಿಮಗೆ ಅರ್ಧ ಸತ್ಯ ಹೇಳಿದ ಹಾಗೆ. ಮನಸ್ಸಾಕ್ಷಿ ಹೇಳಿದ್ದನ್ನು ಪೂರ್ತಿ ಕೇಳಿದವರು ಯಾರು? ಮುಂದಿನ ಅಧ್ಯಾಯದಲ್ಲಿ ಪೌಲ ಎಲ್ಲರನ್ನೂ ಪಾಪದ ಕೆಳಗೆ ತರುತ್ತಾನೆ, ಒಳ್ಳೆಯವರನ್ನೂ ಸೇರಿಸಿ. ಕೆಲವರು ಇದಕ್ಕೊಂದು ಉದಾಹರಣೆ ಕೊಡ್ತಾರೆ: ಹಾವು ಕಚ್ಚಿದವನು ಸಾಯೋದು ಆಸ್ಪತ್ರೆ ದೂರ ಇದ್ದದ್ದಕ್ಕಲ್ಲ, ವಿಷಕ್ಕೆ. ಸರಿಯೇ. ಆದರೆ ಆಸ್ಪತ್ರೆ ಯಾಕೆ ಅಷ್ಟು ದೂರ ಇತ್ತು ಎಂದು ಮನೆಯವರು ಕೇಳಿಯೇ ಕೇಳ್ತಾರೆ. ಅವರ ಬಾಯಿ ಮುಚ್ಚಿಸಲು ಈ ಉದಾಹರಣೆ ಬಳಸಬಾರದು ಅನ್ನೋದು ನನ್ನ ಅಭಿಪ್ರಾಯ.

ಈಗ ಕೊರ್ನೇಲ್ಯನ ಹತ್ತಿರ ಬನ್ನಿ. ರೋಮನ್ ಶತಾಧಿಪತಿ, ಸುನ್ನತಿ ಇಲ್ಲದವನು. ಅವನ ಪ್ರಾರ್ಥನೆಯೂ ದಾನಧರ್ಮವೂ ದೇವರ ಸನ್ನಿಧಿಗೆ ಮುಟ್ಟಿದ್ದವು. ಹಾಗಂತ ಅಷ್ಟೇ ಸಾಕಾಗಿತ್ತಾ? 11ನೇ ಅಧ್ಯಾಯದ 14ನೇ ವಚನ ನೋಡಿ. ಅವನೂ ಅವನ ಮನೆಯವರೂ ರಕ್ಷಣೆ ಹೊಂದೋದು ಪೇತ್ರ ಹೇಳುವ ಮಾತುಗಳಿಂದ. ದೇವದೂತ ಮನೆಯೊಳಗೇ ಬಂದು ನಿಂತಿದ್ದಾನೆ, ಆದರೂ ಸುವಾರ್ತೆ ಸಾರಲಿಲ್ಲ. ಯೊಪ್ಪಕ್ಕೆ ಆಳು ಕಳಿಸು ಅಂದ, ಅಷ್ಟೆ. ಕೈಸರೈಯದಿಂದ ಯೊಪ್ಪಕ್ಕೆ ಸುಮಾರು 50 ಕಿಲೋಮೀಟರ್. ಆದರೆ ತಡವಾಗೋ ಹಾಗಿದ್ದದ್ದು ದಾರಿಯಿಂದಲ್ಲ, ಪೇತ್ರನಿಂದ. ಅನ್ಯಜನರ ಮನೆಗೆ ಹೋಗಲು ಅವನ ಮನಸ್ಸೇ ಒಪ್ಪುತ್ತಿರಲಿಲ್ಲ. ಮಾಳಿಗೆಯ ಮೇಲೆ ಆ ದರ್ಶನವನ್ನು ಮೂರು ಸಾರಿ ತೋರಿಸಬೇಕಾಯಿತು!

ಇದರಿಂದ ನನಗೆ ಎರಡು ವಿಷಯ ಗಟ್ಟಿಯಾಗಿ ಕಾಣುತ್ತೆ. ಹುಡುಕುವ ಹೃದಯವನ್ನು ದೇವರು ಗಮನಿಸದೆ ಬಿಡೋದಿಲ್ಲ. ಯಾರೇ ರಕ್ಷಣೆ ಹೊಂದಿದರೂ ಯೇಸುವಿನ ರಕ್ತದಿಂದಲೇ. ಯೋಬನೂ ಮೆಲ್ಕಿಜೆದೇಕನೂ ಆ ಹೆಸರು ಕೇಳಿದವರಲ್ಲ, ಆದರೂ ಅವರಿಗೆ ಬೇರೆ ರಕ್ಷಕನಿಲ್ಲ. ಅದೇ ಕರುಣೆ ನಿಮ್ಮಜ್ಜಿಯ ಕೊನೆಯ ಗಳಿಗೆಯಲ್ಲಿ ಏನು ಮಾಡಿತು ಎಂದು ಹೇಳುವ ಅಧಿಕಾರ ನನಗೆ ಕೊಟ್ಟಿಲ್ಲ. "ನರಕದಲ್ಲಿದ್ದಾರೆ" ಅನ್ನುವವನೂ "ಪರಲೋಕದಲ್ಲಿದ್ದಾರೆ" ಅನ್ನುವವನೂ ನ್ಯಾಯಾಧಿಪತಿಯ ಕುರ್ಚಿಯಲ್ಲಿ ಕೂತ ಹಾಗೆಯೇ. ಸೊದೋಮಿನ ವಿಷಯದಲ್ಲಿ ಅಬ್ರಹಾಮ ದೇವರ ಮುಂದೆ ನಿಂತು ಧೈರ್ಯವಾಗಿ ಕೇಳಿದ, ಲೋಕಕ್ಕೆಲ್ಲ ನ್ಯಾಯತೀರಿಸುವವನು ಅನ್ಯಾಯ ಮಾಡುವನೇ ಅಂತ. ದೇವರು ಅವನನ್ನು ಗದರಿಸಲಿಲ್ಲ. ನೀವೂ ಕೇಳಿ, ಅಳಿ. ದಯವಿಟ್ಟು ಸಾವಿನ ಮನೆಗೆ ಹೋದಾಗ ಮಾತ್ರ ಸತ್ತವರ ಗತಿ ಕುರಿತು ಬಾಯಿ ಬಿಡಬೇಡಿ. ಅಲ್ಲಿ ಕೂತು ನೀರು ಕೊಡಿ, ಅಡುಗೆಗೆ ಕೈ ಹಾಕಿ.

"ಹಾಗಾದ್ರೆ ಸುವಾರ್ತೆ ಸಾರೋದ್ಯಾಕೆ, ಕೇಳದೇ ಇದ್ರೇ ಅವರಿಗೆ ಒಳ್ಳೇದಲ್ವಾ?" ಅಂತ ಯುವಕರ ಕೂಟದಲ್ಲಿ ಒಬ್ಬ ಹುಡುಗ ಕೇಳಿದ್ದ. ಬುದ್ಧಿವಂತ. ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬರುವಾಗ ಹಾಗೆ ಯೋಚಿಸಿದ್ದರೆ? ಕತ್ತಲಲ್ಲಿ ತಡವರಿಸುವವನಿಗೆ ದೀಪ ಕೊಡದೇ ಇರೋದು ಉಪಕಾರ ಆಗೋದಿಲ್ಲ. ಅಲ್ಲದೆ ಮತ್ತಾಯ 11ರಲ್ಲಿ ಸೊದೋಮಿಗಿಂತ ಕಪೆರ್ನೌಮಿನ ಕಡೆಗೇ ಕರ್ತನ ಮಾತು ಕಠಿಣವಾಗಿದೆ. ಅದು ಎಲ್ಲವನ್ನೂ ನೋಡಿ, ಕೇಳಿದ ಊರು. ಪ್ರತಿ ಭಾನುವಾರ ಇಲ್ಲಿ ಕೂರುವ ನಾವೂ ಆ ಊರಿನವರೇ.

ನಿಮ್ಮಲ್ಲಿ ಕೆಲವರ ಅಜ್ಜ, ಅಜ್ಜಿ, ದೊಡ್ಡಪ್ಪ ಇನ್ನೂ ಬದುಕಿದ್ದಾರೆ. ಅವರ ಹೆಸರು ಒಂದು ಚೀಟಿಯಲ್ಲಿ ಬರೆದು ಕೊಡಿ, ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಒಬ್ಬೊಬ್ಬರಿಗಾಗಿ ಪ್ರಾರ್ಥಿಸೋಣ. ಮುಂದಿನ ವಾರ ಅಪೊಸ್ತಲರ ಕೃತ್ಯಗಳು 17, ಅಥೇನೆಯಲ್ಲಿ ಪೌಲ. ಓದಿಕೊಂಡು ಬನ್ನಿ. ಈಗ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.