ಹಳೇ ಕಾರಿನ ಡ್ಯಾಶ್‌ಬೋರ್ಡ್: ಮೊದಲು ಅರ್ಥ್ ನೋಡಿ

ನಾವು ಮೂವರು ದುಡ್ಡು ಸೇರಿಸಿ ಕೊಂಡ ಹಳೇ ಕಾರಿನಲ್ಲಿ ಇಂಡಿಕೇಟರ್ ಹಾಕಿದರೆ ಸ್ಪೀಡೋಮೀಟರ್ ಮುಳ್ಳು ಕುಣಿಯುತ್ತಿತ್ತು, ಸ್ಟೀರಿಯೋ ಗೊರಗೊರ ಅನ್ನುತ್ತಿತ್ತು. ಮೆಕ್ಯಾನಿಕ್ ಇಡೀ ಮೀಟರ್ ಬದಲಿಸಿ ಅಂದರು. ಅದು ನಮ್ಮ ಒಂದು ತಿಂಗಳ ಬಾಡಿಗೆ. ಆದರೆ ಎರಡೂ ಒಟ್ಟಿಗೆ ಕೆಟ್ಟರೆ ಎರಡಕ್ಕೂ ಸೇರಿದ ಅರ್ಥ್ ಮೇಲೆ ಮೊದಲು ಅನುಮಾನ ಪಡಬೇಕು.

ಹೆಡ್‌ಲೈಟ್, ಸ್ಟೀರಿಯೋ ಆನ್ ಮಾಡಿ, ಮಲ್ಟಿಮೀಟರಿನ ಒಂದು ಪ್ರೋಬ್ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಸ್ಟೀರಿಯೋದ ಅರ್ಥ್ ವೈರಿಗೆ ಇಟ್ಟೆವು. 0.2 ವೋಲ್ಟ್ ಒಳಗಿರಬೇಕಾದದ್ದು 1.4 ಬಂತು. ಕರೆಂಟ್ ಹರಿಯದಿದ್ದರೆ ಈ ದೋಷ ಕಾಣಿಸೋದೇ ಇಲ್ಲ (ನಮ್ಮ ಮೊದಲ ಸಂಜೆ ಹಾಗೇ ದಂಡವಾಯ್ತು). ಬ್ಯಾಟರಿಯಿಂದ ಬಾಡಿಗೆ ಬರುವ ಕೇಬಲ್ಲಿನ ಬೋಲ್ಟ್, ಮಿಶಿಗನ್ ಚಳಿಗಾಲದ ರಸ್ತೆ ಉಪ್ಪಿಗೆ ತುಕ್ಕು ಹಿಡಿದಿತ್ತು. ನೆಗೆಟಿವ್ ಬಿಚ್ಚಿ, ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿ ಬಿಗಿದೆವು. ಹಳದಿ ಏರ್‌ಬ್ಯಾಗ್ ಕನೆಕ್ಟರ್ ಮಾತ್ರ ಮುಟ್ಟಲೇಬೇಡಿ. ಬ್ಯಾಟರಿ ಬಿಚ್ಚೋ ಮೊದಲು ಸ್ಟೀರಿಯೋ ಕೋಡ್ ಹುಡುಕಿಟ್ಟುಕೊಳ್ಳಿ. ಮುಳ್ಳು ಈಗ ನೆಟ್ಟಗಿದೆ. ನಮ್ಮ ಸ್ಟೀರಿಯೋ ಇನ್ನೂ ಕೋಡ್ ಕೇಳುತ್ತಾ ಕೂತಿದೆ.