‘ಕೊಲೆರೆ’: ಒಂದು ಲ್ಯಾಟಿನ್ ಕ್ರಿಯಾಪದದ ಅರ್ಥವಿಚಾರ

ಅಗ್ರಿಕಲ್ಚರ್, ಕಲ್ಚರ್, ಕಾಲೊನಿ ಎಂಬ ಮೂರು ಪದಗಳನ್ನು ನಮ್ಮ ವಿದ್ಯಾರ್ಥಿಗಳು ಇಂಗ್ಲಿಷ್ ಪಾಠದಲ್ಲಿ ಬೇರೆಬೇರೆಯಾಗಿ ಬಾಯಿಪಾಠ ಮಾಡುವರು. ಇವು ಒಂದೇ ತಾಯಿಯ ಮಕ್ಕಳೆಂಬುದನ್ನು ಬಲ್ಲವರು ವಿರಳ. ಆ ತಾಯಿ, ಪ್ರಾಚೀನ ರೋಮನರ ಭಾಷೆಯಾದ ಲ್ಯಾಟಿನ್ನಿನ ‘ಕೊಲೆರೆ’ ಎಂಬ ಕ್ರಿಯಾಪದ. ಅದರ ಅರ್ಥವನ್ನೂ ಪ್ರಯೋಗವನ್ನೂ ಇಲ್ಲಿ ಸಂಗ್ರಹವಾಗಿ ವಿಚಾರಿಸೋಣ.

ಮೊದಲು ಅದರ ರೂಪವನ್ನು ನೋಡುವ. ಲ್ಯಾಟಿನ್ ನಿಘಂಟುಗಳಲ್ಲಿ ಕ್ರಿಯಾಪದಕ್ಕೆ ನಾಲ್ಕು ಮುಖ್ಯ ರೂಪಗಳನ್ನು ಕೊಡುವುದು ವಾಡಿಕೆ: ಕೊಲೋ (ಉಳುತ್ತೇನೆ), ಕೊಲೆರೆ (ಉಳುವುದು), ಕೊಲುಯೀ (ಉತ್ತೆನು), ಕುಲ್ತುಮ್ (ಉಳುವುದಕ್ಕೆ). ಇಲ್ಲಿ ಮೊದಲಿನ ಸ್ವರವು ಹ್ರಸ್ವ. ಅದನ್ನು ದೀರ್ಘವಾಗಿ ಎಳೆದು ‘ಕೋಲೋ’ ಎಂದರೆ ‘ಸೋಸುತ್ತೇನೆ’ ಎಂಬ ಬೇರೊಂದು ಕ್ರಿಯಾಪದವಾಗುವುದು. ಕನ್ನಡದ ‘ಕೊಡು’, ‘ಕೋಡು’ಗಳ ಭೇದದಂತೆಯೇ ಇದು. ಇನ್ನು, ನಮ್ಮ ‘ಕೊಲೆ’ಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಬರಿಯ ಧ್ವನಿಸಾಮ್ಯವನ್ನು ನಂಬಿ ಪದಗಳಿಗೆ ನಂಟು ಕಟ್ಟಬಾರದು.

ಈ ಕ್ರಿಯಾಪದದ ಅರ್ಥವನ್ನು ನಿರ್ಣಯಿಸುವುದು ಅದರ ಕರ್ಮಪದ. ‘ಅಗ್ರಿಕೊಲಾ ಅಗ್ರುಮ್ ಕೊಲಿತ್’ ಎಂದರೆ ‘ಬೇಸಾಯಗಾರನು ಹೊಲವನ್ನು ಉಳುತ್ತಾನೆ’ ಎಂದು ಅರ್ಥ. ಹೊಲದ ಬದಲು ‘ಉರ್ಬೆಮ್’ (ಪಟ್ಟಣವನ್ನು) ಎಂದಿಟ್ಟರೆ ‘ಪಟ್ಟಣದಲ್ಲಿ ವಾಸಿಸುತ್ತಾನೆ’ ಎಂದಾಗುವುದು. ಕನ್ನಡವು ಇಲ್ಲಿ ಸಪ್ತಮಿಯನ್ನು ಬಳಸಿದರೆ ಲ್ಯಾಟಿನ್ ದ್ವಿತೀಯೆಯನ್ನೇ ಬಳಸುವುದೆಂಬುದು ಗಮನಾರ್ಹ. ‘ಅಮೀಕಿತಿಯಮ್’ (ಸ್ನೇಹವನ್ನು) ಎಂದರೆ ಸ್ನೇಹವನ್ನು ಕಾಪಾಡಿಕೊಂಡು ಬರುತ್ತಾನೆ. ‘ದೆಯೋಸ್’ (ದೇವರುಗಳನ್ನು) ಎಂದರೆ ದೇವರುಗಳನ್ನು ಪೂಜಿಸುತ್ತಾನೆ. ಉಳುವುದು, ನೆಲಸುವುದು, ಕಾಪಾಡುವುದು, ಪೂಜಿಸುವುದು ಎಂಬ ಈ ನಾಲ್ಕು ಅರ್ಥಗಳನ್ನೂ ಪೋಣಿಸಿದ ದಾರ ಒಂದೇ: ಬಿಟ್ಟುಹೋಗದೆ ದಿನದಿನವೂ ಮಾಡುವ ಆರೈಕೆ.

ಇಷ್ಟೊಂದು ಅರ್ಥಗಳು ಒಂದೇ ಪದದಲ್ಲಿ ಹೇಗೆ ಅಡಗಿದವೆಂದು ಅಚ್ಚರಿಪಡುವವರು ನಮ್ಮ ‘ಒಕ್ಕಲು’ ಶಬ್ದವನ್ನು ನೆನೆಯಬೇಕು. ಒಕ್ಕಲುತನವೆಂದರೆ ಬೇಸಾಯ. ನಮ್ಮ ಕಾಸರಗೋಡಿನ ಕಡೆ ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಎನ್ನುವುದುಂಟು. ಇಲ್ಲಿ ಅದು ವಾಸ. ಒಂದು ದೇವರಿಗೆ ತಲೆತಲಾಂತರದಿಂದ ನಡೆದುಕೊಳ್ಳುವ ಮನೆತನಗಳು ಆ ದೇವರ ಒಕ್ಕಲುಗಳು. ಇಲ್ಲಿ ಅದು ಭಕ್ತಿ. ಲ್ಯಾಟಿನ್ನಿಗೂ ಸಂಸ್ಕೃತಕ್ಕೂ ಮೂಲ ಒಂದೇ ಇರಬೇಕೆಂದು 1786ರಲ್ಲಿ ಸರ್ ವಿಲಿಯಂ ಜೋನ್ಸ್ ಸೂಚಿಸಿದರು. ಸಂಸ್ಕೃತದ ‘ಚರ್’ ಧಾತುವು ‘ಕೊಲೆರೆ’ಯ ಬಂಧುವೆಂದು ಭಾಷಾಶಾಸ್ತ್ರಜ್ಞರು ಎಣಿಸುವರು. ಕನ್ನಡವಾದರೋ ದ್ರಾವಿಡ ಕುಟುಂಬದ ಭಾಷೆ. ಆ ಕುಟುಂಬದ ತೌಲನಿಕ ವ್ಯಾಕರಣವನ್ನು ಕಾಲ್ಡ್‌ವೆಲ್ಲರು 1856ರಲ್ಲಿ ಪ್ರಕಟಿಸಿದರು. ಆದುದರಿಂದ ‘ಒಕ್ಕಲು’, ‘ಕೊಲೆರೆ’ಗಳ ಹೋಲಿಕೆಯು ರಕ್ತಸಂಬಂಧದ್ದಲ್ಲ, ಬಾಳುವೆಯದು. ನೆಲವನ್ನು ನಂಬಿದ ಎರಡು ಜನಾಂಗಗಳು ತಮ್ಮ ಮನೆ, ಹೊಲ, ದೇವರುಗಳನ್ನು ಒಂದೇ ಶಬ್ದದಲ್ಲಿ ಕಂಡುವು.

ಈ ಶಬ್ದಸಂತಾನಕ್ಕೆ ಕಹಿಯಾದ ಚರಿತ್ರೆಯೂ ಉಂಟು. ರೋಮನರು ತಮ್ಮವರನ್ನು ನೆಲೆಗೊಳಿಸಿದ ಹೊಸ ಊರಿಗೆ ‘ಕೊಲೋನಿಯಾ’ ಎಂದು ಹೆಸರು. ಜರ್ಮನಿಯ ಕಲೋನ್ ನಗರದ ಹೆಸರು ಬಂದುದು ಅದರಿಂದಲೇ. ಕ್ರಿ.ಪೂ. 41ರ ಸುಮಾರಿಗೆ ನಿವೃತ್ತ ಸೈನಿಕರಿಗೆ ಭೂಮಿ ಕೊಡಲೆಂದು ಇಟಲಿಯ ಹಳೆಯ ಬೇಸಾಯಗಾರರ ಹೊಲಗಳನ್ನು ಕಸಿದುಕೊಳ್ಳಲಾಯಿತು. ಒಬ್ಬನು ಒಕ್ಕಲಾದಾಗ ಇನ್ನೊಬ್ಬನು ಒಕ್ಕಲೆದ್ದನು. ಮುಂದೆ ‘ಕೊಲೋನುಸ್’ ಎಂಬ ಪದಕ್ಕೆ ಪರರ ನೆಲವನ್ನು ಉಳುವ ಗೇಣಿದಾರನೆಂಬ ಅರ್ಥವೂ ಬಂದಿತು. ಓಡಿಹೋದ ಅಂಥವರನ್ನು ಹಿಂದಕ್ಕೆ ಒಪ್ಪಿಸಬೇಕೆಂದು ಚಕ್ರವರ್ತಿ ಕಾನ್‌ಸ್ಟಂಟೈನನು ಕ್ರಿ.ಶ. 332ರಲ್ಲಿ ಕಟ್ಟಳೆ ಮಾಡಿದನು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿಪದ್ಧತಿ ರದ್ದಾಯಿತು. ಆ ಮೊದಲಿನ ಗೇಣಿ ಒಕ್ಕಲುಗಳ ಮನೆಯಿಂದ ಬಂದ ಮಕ್ಕಳಿಗೆ ಈ ಶಬ್ದದ ಭಾರವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕೊನೆಯದಾಗಿ, ಹೊಲದ ಮಾತು ಮನಸ್ಸಿಗೆ ಬಂದ ಬಗೆ. ವಾಗ್ಮಿ ಸಿಸೆರೊ ಕ್ರಿ.ಪೂ. 45ರಲ್ಲಿ ಬರೆದ ‘ಟಸ್ಕುಲಮ್ ಸಂವಾದ’ಗಳಲ್ಲಿ ಮನಸ್ಸನ್ನು ಹೊಲಕ್ಕೆ ಹೋಲಿಸಿದ್ದಾನೆ. ನೆಲ ಎಷ್ಟೇ ಫಲವತ್ತಾಗಿದ್ದರೂ ಕೃಷಿಯಿಲ್ಲದೆ ಬೆಳೆಯದು. ಶಿಕ್ಷಣವಿಲ್ಲದ ಮನಸ್ಸೂ ಹಾಗೆಯೇ ಎಂಬುದು ಅವನ ಆಶಯ. ತತ್ತ್ವಜ್ಞಾನವನ್ನು ಅವನು ಮನಸ್ಸಿನ ಬೇಸಾಯವೆಂದನು. ಬೇಸಾಯವಾಚಕವಾದ ‘ಕುಲ್ತೂರಾ’ ಎಂಬ ಪದಕ್ಕೆ ಸಂಸ್ಕೃತಿಯೆಂಬ ಅರ್ಥವು ಬರಲು ಇದೇ ದಾರಿಯಾಯಿತು.

ಹೀಗಿರಲು, ‘ಓದಿದವನಿಗೆ ಹಾರೆ ಏಕೆ, ಹಾರೆ ಹಿಡಿಯುವವನಿಗೆ ಓದು ಏಕೆ?’ ಎಂಬ ಮಾತಿಗೆ ಅರ್ಥವೆಲ್ಲಿದೆ? ತೋಟದ ಕೆಲಸದಿಂದ ಕೈ ಒರಟಾದುದಕ್ಕೆ ನಾಚುವ ವಿದ್ಯಾರ್ಥಿಯು, ಕಲ್ಚರ್ ಎಂಬ ಪದವೇ ಹೊಲದಿಂದ ಬಂದುದೆಂದು ತಿಳಿಯಲಿ. ಪೋಷಕರಲ್ಲಿಯೂ ನಮ್ಮದೊಂದು ಅರಿಕೆ. ಅಡಕೆಯ ತೋಟಕ್ಕೆ ಬೇಸಗೆಯಲ್ಲಿ ನೀರುಣಿಸದೆ ಮಳೆಗಾಲದಲ್ಲಿ ಫಸಲಿಗೆ ಕಾಯುವವರು ನಿಮ್ಮಲ್ಲಿ ಯಾರೂ ಇಲ್ಲ. ಮಕ್ಕಳ ಓದೂ, ಮನೆಯಲ್ಲಾಡುವ ಕನ್ನಡವೂ ಅಂತಹ ತೋಟಗಳೇ. ಶಾಲೆಯು ಹಗಲು ನೀರೆರೆದರೆ ಸಾಲದು. ಸಂಜೆ ಮನೆಯಲ್ಲಿ ಒಂದು ಪುಟವನ್ನು ಓದಿಸಿ ಕೇಳುವ ಆರೈಕೆಯನ್ನು ನೀವು ಬಿಡಬಾರದು. ನಾವು ಯಾವುದನ್ನು ದಿನವೂ ಆರೈಕೆ ಮಾಡುತ್ತೇವೆಯೋ ಅದರಲ್ಲಿಯೇ ನಾವು ಒಕ್ಕಲು.